ಡ್ರಾಗನ್‌ಫ್ಲೈ ಇನ್ ಆಂಬರ್: ಕೊನೆ ಗೊತ್ತಿದ್ದೂ ಬಿಡದೆ ಓದಿಸುವ ಎರಡನೇ ಭಾಗ

ಔಟ್‌ಲ್ಯಾಂಡರ್ ಕಾದಂಬರಿ ಸರಣಿಯ ಮೊದಲ ಪುಸ್ತಕ ಮುಗಿಸಿ, ಜೇಮಿ ಮತ್ತು ಕ್ಲೇರ್ ಮುಂದೆ ಏನಾದರು ಅಂತ ಆಸೆಯಿಂದ ಎರಡನೇದನ್ನು ತೆರೆದವರಿಗೆ ಮೊದಲ ಅಧ್ಯಾಯದಲ್ಲೇ ಸಿಟ್ಟು ಬರುತ್ತದೆ. ಜೇಮಿ ಇಲ್ಲ. ಕೋಟೆ, ಕುದುರೆ, ಕತ್ತಿ ಯಾವುದೂ ಇಲ್ಲ. ಇರುವುದು 1968ರ ಇನ್ವರ್ನೆಸ್, ಸ್ಕಾಟ್‌ಲ್ಯಾಂಡಿನ ಒಂದು ತಣ್ಣಗಿನ ಊರು. ಪಾದ್ರಿಯೊಬ್ಬರು ತೀರಿಕೊಂಡಿದ್ದಾರೆ, ಅವರ ಸಾಕುಮಗ ರೋಜರ್ ಮನೆ ತುಂಬಾ ಇರುವ ಹಳೇ ಕಾಗದಪತ್ರ ಖಾಲಿ ಮಾಡುತ್ತಿದ್ದಾನೆ. ಆಗ ಬಾಗಿಲಿಗೆ ಬರುತ್ತಾಳೆ ಕ್ಲೇರ್. ಈಗ ಅವಳಿಗೆ ಐವತ್ತರ ಹತ್ತಿರ. ಜೊತೆಗೆ ಇಪ್ಪತ್ತರ ಆಸುಪಾಸಿನ ಮಗಳು, ಕೆಂಪು ಕೂದಲು. ಯಾರ ಮಗಳು ಅಂತ ಆ ಕೂದಲು ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಹುಡುಗಿಗೆ ಮಾತ್ರ ಗೊತ್ತಿಲ್ಲ.

ಮೈಸೂರಿನಲ್ಲಿ ನಾವು ಕೆಲವರು ಆಗಾಗ ಸೇರಿ ಓದಿದ್ದರ ಬಗ್ಗೆ ಹರಟುತ್ತೇವೆ. ಕುವೆಂಪುನಗರದ ಅಕ್ಕನ ಮನೆ, ಕಾಫಿ, ಕೋಡುಬಳೆ, ಆಮೇಲೆ ಜಗಳ. ಈ ಸಲದ ಜಗಳ ಈ ಪುಸ್ತಕದ್ದು. "ಇಷ್ಟು ದಪ್ಪ ಪುಸ್ತಕ ಕೊಟ್ಟು ಕೊನೆ ಏನಾಯಿತು ಅಂತ ಮೊದಲೇ ಹೇಳಿಬಿಟ್ಟರೆ ನಾನು ಯಾಕೆ ಓದಬೇಕು?" ಅಂತ ಅಕ್ಕ ನೂರು ಪುಟಕ್ಕೇ ಮುಚ್ಚಿಟ್ಟಿದ್ದರು. ಮಂಡ್ಯದಿಂದ ದಿನಾ ಮೆಮು ರೈಲಿನಲ್ಲಿ ಕೆಲಸಕ್ಕೆ ಬರುವ ಹುಡುಗಿಯೊಬ್ಬಳು ಪೂರ್ತಿ ಮುಗಿಸಿ, ಮೊದಲನೆಯದಕ್ಕಿಂತ ಇದೇ ಚೆಂದ ಅಂತ ಹಟ ಹಿಡಿದಳು. ಹಿಸ್ಟರಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು ಒಬ್ಬರಿದ್ದಾರೆ, ಅವರು ಪ್ರೇಮದ ಪುಟಗಳನ್ನೆಲ್ಲ ಹಾರಿಸಿ ಯುದ್ಧದ ಪುಟಗಳನ್ನು ಮಾತ್ರ ಓದಿ ಬಂದು ಎಲ್ಲರಿಗಿಂತ ಜಾಸ್ತಿ ಮಾತಾಡಿದರು. ನಾನು ಮಂಡ್ಯದ ಹುಡುಗಿಯ ಕಡೆ. ಆದರೆ ಅವಳಷ್ಟು ಧಾರಾಳವಾಗಿ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬರೆದವರು ಅಮೆರಿಕದ ಡಯಾನಾ ಗ್ಯಾಬಲ್ಡನ್. ಮೊದಲ ಪುಸ್ತಕ ಬಂದಿದ್ದು 1991ರಲ್ಲಿ, ಇದು 1992ರಲ್ಲಿ. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್ ಗಂಡ ಫ್ರಾಂಕ್ ಜೊತೆ ಸ್ಕಾಟ್‌ಲ್ಯಾಂಡಿಗೆ ಬಂದವಳು, ಗುಡ್ಡದ ಮೇಲಿನ ನಿಂತ ಕಲ್ಲುಗಳ ನಡುವೆ ಹಾದು 1743ಕ್ಕೆ ಬೀಳುತ್ತಾಳೆ, ಅಲ್ಲಿ ಜೇಮಿ ಫ್ರೇಸರ್‌ನನ್ನು ಮದುವೆಯಾಗುತ್ತಾಳೆ. ಅಷ್ಟು ತಿಳಿಯದೆ ಈ ಪುಸ್ತಕಕ್ಕೆ ಕೈ ಹಾಕಬೇಡಿ, ತಲೆಬುಡ ಗೊತ್ತಾಗುವುದಿಲ್ಲ. ಇನ್ನು ಮುಂದೆ ನಾನು ಕಥೆಯನ್ನು ಸ್ವಲ್ಪ ಬಿಟ್ಟುಕೊಡುತ್ತೇನೆ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಅಕ್ಕನ ದೂರಿಗೆ ನನ್ನ ಉತ್ತರ ಇಷ್ಟು. ಈ ಕಥೆಯ ಕೊನೆಯನ್ನು ಲೇಖಕಿ ಬಚ್ಚಿಡಲು ಸಾಧ್ಯವೇ ಇಲ್ಲ, ಅದು ಚರಿತ್ರೆಯಲ್ಲಿ ಬರೆದಾಗಿದೆ. 1746ರ ಏಪ್ರಿಲ್ 16ರಂದು ಸ್ಕಾಟ್‌ಲ್ಯಾಂಡಿನ ಕಲೋಡನ್ ಬಯಲಿನಲ್ಲಿ, ಬ್ರಿಟನ್ನಿನ ಸಿಂಹಾಸನ ತನ್ನ ಮನೆತನಕ್ಕೆ ಸೇರಬೇಕು ಅಂತ ದಂಗೆ ಎದ್ದಿದ್ದ ಪ್ರಿನ್ಸ್ ಚಾರ್ಲ್ಸ್ ಸ್ಟುವರ್ಟ್‌ನ ಸೈನ್ಯ ಒಂದು ಗಂಟೆಯೊಳಗೆ ನೆಲಕಚ್ಚಿತು. ಆಮೇಲೆ ಗೆದ್ದ ಸರ್ಕಾರದವರು ಹೈಲ್ಯಾಂಡಿನ, ಅಂದರೆ ಅಲ್ಲಿನ ಗುಡ್ಡಗಾಡಿನ ಜನರ ಆಯುಧ ಕಿತ್ತುಕೊಂಡರು, ಅವರ ಉಡುಪನ್ನೇ ಕಾನೂನು ಮಾಡಿ ನಿಷೇಧಿಸಿದರು. ಕ್ಲೇರ್‌ಗೆ ಇದು ಗೊತ್ತು, ಓದುಗರಿಗೂ ಗೊತ್ತು. ಗೊತ್ತಿದ್ದೂ ಅವಳು ಮತ್ತು ಜೇಮಿ ಅದನ್ನು ತಪ್ಪಿಸಲು ಹೊರಡುತ್ತಾರೆ. 1968ರ ಕ್ಲೇರ್‌ಳನ್ನು ಮೊದಲೇ ತೋರಿಸಿಬಿಟ್ಟಿದ್ದರಿಂದ ಅವರು ಗೆಲ್ಲುತ್ತಾರಾ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಹೇಗೆ ಸೋತರು, ಯಾರನ್ನು ಕಳೆದುಕೊಂಡರು, ಇಪ್ಪತ್ತು ವರ್ಷ ಅವಳು ಬಾಯಿ ಬಿಡದೆ ಹೇಗೆ ಬದುಕಿದಳು, ಇದಷ್ಟೇ ಉಳಿಯುತ್ತದೆ. ಜೇಮಿ ನಗುವ, ತಮಾಷೆ ಮಾಡುವ ಪ್ರತಿ ಪುಟದಲ್ಲೂ ಆ ನೆನಪು ಚುಚ್ಚುತ್ತಿರುತ್ತದೆ. ಮಾಮೂಲಿ ಕ್ರಮದಲ್ಲಿ ಬರೆದಿದ್ದರೆ ಈ ಪ್ಯಾರಿಸ್ ಭಾಗ ಸುಮ್ನೆ ರಾಜಮನೆತನದ ಗಾಸಿಪ್ ಆಗಿಬಿಡುತ್ತಿತ್ತು.

ಪ್ಯಾರಿಸ್ ಭಾಗ ಅಂದೆನಲ್ಲ, ಎಲ್ಲರೂ ಎಡವಿದ್ದು ಅಲ್ಲೇ. 1744ರಲ್ಲಿ ಗಂಡಹೆಂಡತಿ ಫ್ರಾನ್ಸ್‌ಗೆ ಬರುತ್ತಾರೆ. ಜೇಮಿಯ ಸಂಬಂಧಿಕನ ವೈನ್ ವ್ಯಾಪಾರ ನೋಡಿಕೊಳ್ಳುವ ನೆಪ. ಒಳಗಿನ ಕೆಲಸ, ಪ್ರಿನ್ಸ್ ಚಾರ್ಲ್ಸ್‌ನ ಗೆಳೆತನ ಮಾಡಿ ಅವನಿಗೆ ದಂಗೆ ಏಳಲು ದುಡ್ಡು ಸಿಗದಂತೆ ನೋಡಿಕೊಳ್ಳುವುದು. ಕೇಳಲು ಚೆನ್ನಾಗಿದೆ, ಅಲ್ವಾ? ಓದುವಾಗ ಊಟದ ಮೇಲೆ ಊಟ, ಔತಣದ ಮೇಲೆ ಔತಣ, ಗೌನಿನ ಬಣ್ಣ, ಕದ್ದು ಓದಿದ ಕಾಗದ, ಯಾರೋ ಕೌಂಟ್, ಇನ್ಯಾರೋ ಡ್ಯೂಕ್. ಒಂದು ಔತಣದ ಅಡುಗೆ ಪಟ್ಟಿ ಮುಗಿಯುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಸಿಡುಬು ಬಂದಂತೆ ನಾಟಕ ಮಾಡಿ ಹಡಗಿನ ಸರಕು ತಡೆಯುವ ಒಂದು ಉಪಾಯ ಬರುತ್ತದೆ. ಅದು ಮಜವಾಗಿದೆ, ಆದರೆ ಅಷ್ಟು ದೊಡ್ಡ ಯುದ್ಧ ನಿಲ್ಲಿಸಲು ಇಷ್ಟು ಚಿಕ್ಕ ಚಾಲಾಕಿ ಸಾಕಾ ಅಂತ ಅನುಮಾನ ಬರದೆ ಇರುವುದಿಲ್ಲ. ಇಲ್ಲಿ ಸುಲಭವಾಗಿ ನೂರೈವತ್ತು ಪುಟ ಕತ್ತರಿಸಬಹುದಿತ್ತು.

ಆದರೆ ಅದೇ ಪ್ಯಾರಿಸ್‌ನಲ್ಲಿ ಒಂದು ಆಸ್ಪತ್ರೆ ಇದೆ. ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಅದು. ಬಸುರಿ ಕ್ಲೇರ್ ಮನೆಯಲ್ಲಿ ಕೂತು ಬೇಜಾರಾಗಿ ಬಡವರ ಆಸ್ಪತ್ರೆಗೆ ಹೋಗುತ್ತಾಳೆ. ಅಲ್ಲಿನ ಮುಖ್ಯಸ್ಥೆ ಮದರ್ ಹಿಲ್ಡೆಗಾರ್ಡ್, ಸಂಗೀತ ಬಲ್ಲ ಸನ್ಯಾಸಿನಿ. ರೋಗಿಯೊಬ್ಬಳಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ಪತ್ತೆ ಮಾಡಲು ಕ್ಲೇರ್ ಅವಳ ಮೂತ್ರದ ರುಚಿ ನೋಡುತ್ತಾಳೆ. ಅಸಹ್ಯ ಅನ್ನಿಸುತ್ತದೆ, ಆದರೆ ಲ್ಯಾಬ್ ಇಲ್ಲದ ಕಾಲದಲ್ಲಿ ವೈದ್ಯರು ಹಾಗೇ ಮಾಡುತ್ತಿದ್ದರು. ಗಾಯ ಕೊಳೆತಿದೆಯಾ ಅಂತ ಮೂಸಿ ಹೇಳುವ ಬೂತೋನ್ ಎಂಬ ಪುಟ್ಟ ನಾಯಿ ಇದೆ. ಮೂಳೆ ಕೂಡಿಸಲು ಬರುವ ಒಬ್ಬ ಮನುಷ್ಯ ಇದ್ದಾನೆ, ಅವನ ನಿಜವಾದ ಕೆಲಸ ನೇಣು ಹಾಕುವುದು. ದೇಹದ ಯಾವ ಕೀಲು ಎಲ್ಲಿದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಗ್ಯಾಬಲ್ಡನ್ ಕಾದಂಬರಿಗೆ ಬರುವ ಮೊದಲು ಜೀವವಿಜ್ಞಾನದ ಕಡೆಯವರು, ಪರಿಸರ ಮತ್ತು ಪ್ರಾಣಿಗಳ ನಡವಳಿಕೆಯ ವಿಷಯದಲ್ಲಿ ಡಾಕ್ಟರೇಟ್ ಮಾಡಿದವರು. ಇಂಥ ಪುಟಗಳಲ್ಲಿ ಅದು ಎದ್ದು ಕಾಣುತ್ತದೆ. ಮದ್ದು, ಬೇರು, ಗಾಯ, ಹೆರಿಗೆ ಬಂದಾಗ ಅವರ ಕೈ ತಡೆಯುವುದಿಲ್ಲ.

ಪ್ರೇಮದ ವಿಷಯಕ್ಕೆ ಬಂದರೆ, ಮೊದಲ ಪುಸ್ತಕದ ಹೊಸ ಜೋಡಿಯ ಹುರುಪು ಇಲ್ಲಿಲ್ಲ. ಅದೇ ಒಳ್ಳೆಯದು ಅಂತ ನನಗನ್ನಿಸಿತು. ಇಲ್ಲಿರುವುದು ಸಂಸಾರ. ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ, ಮಾತು ಮುರಿಯುತ್ತದೆ. ಜೇಮಿಗೆ ಮೊದಲ ಭಾಗದಲ್ಲಿ ಘೋರ ಹಿಂಸೆ ಕೊಟ್ಟ ಜಾಕ್ ರ‍್ಯಾಂಡಲ್ ಸತ್ತಿಲ್ಲ ಅಂತ ತಿಳಿಯುತ್ತದೆ. ಅವನನ್ನು ಕೊಲ್ಲಬೇಕು ಅಂತ ಜೇಮಿ. ಒಂದು ವರ್ಷ ತಡಿ, ಅವನು ಸತ್ತರೆ ಅವನ ವಂಶದಲ್ಲಿ ಮುಂದೆ ಹುಟ್ಟಬೇಕಾದ ನನ್ನ ಮೊದಲ ಗಂಡ ಫ್ರಾಂಕ್ ಹುಟ್ಟುವುದೇ ಇಲ್ಲ ಅಂತ ಕ್ಲೇರ್. ಯೋಚಿಸಿ, ಎರಡನೇ ಗಂಡನಿಗೆ ಅವನ ಶತ್ರುವನ್ನು ಬಿಡು ಅನ್ನುವುದು ಮೊದಲ ಗಂಡನ ಸಲುವಾಗಿ! ಈ ಪ್ರಸಂಗದಲ್ಲಿ ನಮ್ಮ ಗುಂಪಿನ ಹೆಂಗಸರೆಲ್ಲ ಕ್ಲೇರ್ ಕಡೆ, ಗಂಡಸರೆಲ್ಲ ಜೇಮಿ ಕಡೆ ಆಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಮಂಡ್ಯದ ಹುಡುಗಿಯೇ "ಅವಳು ಕೇಳಿದ್ದು ತಪ್ಪು, ಅವನ ನೋವು ಅವಳು ಕಣ್ಣಾರೆ ನೋಡಿದ್ದಳಲ್ಲ" ಅಂದಳು. ಆಮೇಲೆ ಬರುವ ದ್ವಂದ್ವ ಯುದ್ಧ, ಮಗು ಕಳೆದುಕೊಳ್ಳುವ ಅಧ್ಯಾಯ, ಜೈಲಿನಲ್ಲಿರುವ ಗಂಡನನ್ನು ಬಿಡಿಸಲು ಫ್ರಾನ್ಸ್‌ನ ದೊರೆಗೆ ಅವಳು ಕೊಡಬೇಕಾಗಿ ಬರುವ ಬೆಲೆ, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕ ಅಲ್ಲಿ ನಿಜವಾಗಿ ಎದ್ದು ನಿಲ್ಲುತ್ತದೆ. ಮಗು ಸತ್ತ ಮೇಲೆ ಇಬ್ಬರೂ ಎದುರೆದುರು ಕೂತು ಮಾತಾಡಲು ಪಡುವ ಕಷ್ಟವನ್ನು ಗ್ಯಾಬಲ್ಡನ್ ಅವಸರ ಮಾಡದೆ ಬರೆದಿದ್ದಾರೆ.

ಮೇಷ್ಟ್ರ ತಕರಾರು ಬೇರೆ. "ಅಲ್ಲಮ್ಮಾ, ದುಡ್ಡು ತಪ್ಪಿಸಿದರೆ ದಂಗೆ ನಿಲ್ಲುತ್ತದೆ ಅಂತ ಇವರಿಗೆ ಯಾರು ಹೇಳಿದರು?" ಅಂತ ಶುರು ಮಾಡಿದರು. ಅವರ ಲೆಕ್ಕ ಹೀಗೆ. 1744ರಲ್ಲಿ ಫ್ರೆಂಚರೇ ಇಂಗ್ಲೆಂಡಿನ ಮೇಲೆ ಹೋಗಲು ಹಡಗು ಸಿದ್ಧ ಮಾಡಿದ್ದರು, ಬಿರುಗಾಳಿ ಅದನ್ನು ಹಾಳು ಮಾಡಿತು. ಮಾರನೇ ವರ್ಷ ಚಾರ್ಲ್ಸ್ ಸಾಲಸೋಲ ಮಾಡಿ ಎರಡು ಹಡಗು ಹೊರಡಿಸಿದ, ಆಯುಧ ತುಂಬಿದ್ದ ದೊಡ್ಡ ಹಡಗು ಇಂಗ್ಲಿಷರ ಯುದ್ಧನೌಕೆಯ ಕೈಗೆ ಸಿಕ್ಕು ಜಖಂ ಆಗಿ ವಾಪಸ್ ಹೋಯಿತು. ಆದರೂ ಅವನು ಬೆರಳೆಣಿಕೆಯ ಜನರ ಜೊತೆ ಸ್ಕಾಟ್‌ಲ್ಯಾಂಡಿನಲ್ಲಿ ಇಳಿದ, 1745ರ ಆಗಸ್ಟ್‌ನಲ್ಲಿ ಗ್ಲೆನ್‌ಫಿನನ್‌ನಲ್ಲಿ ಬಾವುಟ ಏರಿಸಿದ, ಸೆಪ್ಟೆಂಬರ್‌ನಲ್ಲಿ ಪ್ರೆಸ್ಟನ್‌ಪ್ಯಾನ್ಸ್ ಗೆದ್ದ, ಡಿಸೆಂಬರ್ ಹೊತ್ತಿಗೆ ಇಂಗ್ಲೆಂಡಿನ ಡರ್ಬಿವರೆಗೂ ಬಂದ. ಅಂದರೆ ದುಡ್ಡಿಲ್ಲದೆಯೂ, ಆಯುಧ ಇಲ್ಲದೆಯೂ ಹೊರಡುವ ಮನುಷ್ಯ ಅವನು. ಅಂಥವನ ಜೇಬು ಖಾಲಿ ಮಾಡಿ ಏನು ಪ್ರಯೋಜನ?

ಮೇಷ್ಟ್ರ ಮಾತು ಸರಿ. ಆದರೆ ಅದು ಪುಸ್ತಕದ ದೋಷ ಅಂತ ನಾನು ಒಪ್ಪುವುದಿಲ್ಲ. ಕ್ಲೇರ್‌ಗೆ ಗೊತ್ತಿರುವುದು ಕೊನೆ ಮಾತ್ರ, ದಾರಿ ಗೊತ್ತಿಲ್ಲ. ಹಿಸ್ಟರಿ ಓದಿದವನು ಅವಳ ಮೊದಲ ಗಂಡ, ಅವಳಲ್ಲ. ಅವನು ಊಟ ಮಾಡುತ್ತಾ ಹೇಳಿದ ನಾಲ್ಕು ಮಾತು, ಸ್ಮಾರಕದ ಮೇಲೆ ನೋಡಿದ ಕೆಲವು ಹೆಸರು, ಅಷ್ಟೇ ಅವಳ ಕೈಯಲ್ಲಿರುವುದು. ನಮ್ಮನ್ನು ಯಾರಾದರೂ 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಇಳಿಸಿದರೆ ಮೇ 4ಕ್ಕೆ ಕೋಟೆ ಬೀಳುತ್ತದೆ ಅಂತ ಹೇಳಬಲ್ಲೆವು. ಯಾರ ಮನೆ ಬಾಗಿಲು ತಟ್ಟಬೇಕು, ಯಾರ ಕೈಯಲ್ಲಿ ಏನು ತಪ್ಪಿಸಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಟೈಮ್ ಟ್ರಾವೆಲ್ ಕಥೆಗಳಲ್ಲಿ ಮುಂದಿನದು ತಿಳಿದವರೇ ಶಕ್ತಿವಂತರು ಅನ್ನುವಂತೆ ಇರುತ್ತದೆ. ಇಲ್ಲಿ ತಿಳಿದದ್ದೇ ಹೊರೆ. ಪುಸ್ತಕದ ಹೊಸತನ ಇಷ್ಟೇ, ನನಗೆ ಇಷ್ಟು ಸಾಕು.

ಶ್ರೀರಂಗಪಟ್ಟಣದ ಹೆಸರು ಬಂದಿದ್ದಕ್ಕೆ ಮೇಷ್ಟ್ರು ಇನ್ನೊಂದು ಎಳೆ ಬಿಚ್ಚಿದರು. ಇದು ಪುಸ್ತಕದಲ್ಲಿಲ್ಲ, ಆದರೂ ನಮ್ಮ ಕಡೆಯವರು ಓದುವಾಗ ನೆನಪಿರಲಿ. ಲಾರ್ಡ್ ಮ್ಯಾಕ್ಲೌಡ್ ಅಂತ ಒಬ್ಬನಿದ್ದ. 1745ರಲ್ಲಿ ಚಾರ್ಲ್ಸ್ ಪರ ಹೋರಾಡಿ ಸೆರೆ ಸಿಕ್ಕು, ಆಮೇಲೆ ಕ್ಷಮೆ ಪಡೆದವನು. ಅವನೇ ಮುಂದೆ ಬ್ರಿಟಿಷರಿಗಾಗಿ ಹೈಲ್ಯಾಂಡರ್‌ಗಳ ಒಂದು ರೆಜಿಮೆಂಟ್ ಕಟ್ಟಿದ, ಅದು ಮದ್ರಾಸಿಗೆ ಬಂತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕೈಲಿ ಬ್ರಿಟಿಷರು ನುಚ್ಚುನೂರಾದಾಗ ಆ ರೆಜಿಮೆಂಟಿನವರೂ ಅಲ್ಲಿದ್ದರು. ಅಂದು ಸೆರೆ ಸಿಕ್ಕ ಕರ್ನಲ್ ಬೇಲಿ ಇನ್ವರ್ನೆಸ್ ಪಕ್ಕದವನೇ, 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ನಾವು ಸ್ಕೂಲ್ ಟ್ರಿಪ್‌ನಲ್ಲಿ ಕೂಗಾಡುತ್ತಾ ಇಳಿದು ನೋಡುವ ಆ ಸೆರೆಮನೆಗೆ ಇವನದೇ ಹೆಸರು. ಇನ್ನೊಬ್ಬ ಕೈದಿ, ಸ್ಕಾಟ್‌ಲ್ಯಾಂಡಿನವನೇ ಆದ ಡೇವಿಡ್ ಬೇರ್ಡ್, 1799ರಲ್ಲಿ ಕೋಟೆ ಮೇಲೆ ನುಗ್ಗಿದ ದಂಡಿಗೆ ಮುಂದಾಳು. ಇದೆಲ್ಲ ಕೇಳಿದ ಮೇಲೆ ಅಕ್ಕ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು. ಪಕ್ಕದ ಊರಿನ ಸಂಬಂಧ ಇದೆ ಅಂದರೆ ನಮಗೆ ಆಸಕ್ತಿ ಬರುವುದೇ ಬೇರೆ. ಜೇಮಿ, ಕ್ಲೇರ್ ಪ್ಯಾರಿಸ್‌ನಲ್ಲಿ ಓಡಾಡುವ ಹೊತ್ತಿಗೆ ಮೈಸೂರಿನಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ್ ಗಾದಿ ಮೇಲಿದ್ದರು, ಕಾರುಬಾರೆಲ್ಲ ದಳವಾಯಿಗಳದು. ಹೆಸರಿಗೆ ರಾಜ, ಕೈಯಲ್ಲಿ ಏನಿಲ್ಲ ಅನ್ನುವ ಸ್ಥಿತಿ ಪುಸ್ತಕದ ಚಾರ್ಲ್ಸ್‌ಗೆ ಮಾತ್ರ ಇದ್ದದ್ದಲ್ಲ.

ಫ್ರಾನ್ಸ್ ಬಿಟ್ಟು ಸ್ಕಾಟ್‌ಲ್ಯಾಂಡಿಗೆ ಬಂದ ಮೇಲೆ ಕಥೆ ಓಡುತ್ತದೆ. ಜೇಮಿಯ ಅಕ್ಕ ಜೆನ್ನಿಯ ಮನೆ, ಹೊಲ, ಒಕ್ಕಲುಗಳು. ಕ್ಲೇರ್ ಮಾತು ಕೇಳಿ ಆಲೂಗಡ್ಡೆ ಹಾಕಿರುತ್ತಾರೆ, ಮುಂದೆ ಬರಲಿರುವ ಹಸಿವಿನ ದಿನಗಳಿಗೆ ಅಂತ. ಅದನ್ನು ಅಗೆದು ತೆಗೆಯುವ ದಿನ ಎಲ್ಲರಿಗೂ ಹಬ್ಬ. ಮಂಡ್ಯದ ಹುಡುಗಿಗೆ ಇಡೀ ಪುಸ್ತಕದಲ್ಲಿ ಇಷ್ಟವಾದದ್ದು ಇದೇ. ಅವರ ಮನೆಯಲ್ಲಿ ಕಬ್ಬು, ಭತ್ತ. ಹೊಸ ಬೆಳೆ ಹಾಕಿ ಮೊದಲ ಸಲ ನೆಲ ಅಗೆಯುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಬೇಸಾಯದ ಮನೆಯವರಿಗೇ ಗೊತ್ತು ಅಂದಳು. ಚರಿತ್ರೆ ಬದಲಿಸಲು ಅಷ್ಟೆಲ್ಲ ಒದ್ದಾಡಿದ ಕ್ಲೇರ್ ಕೈಯಿಂದ ನಿಜವಾಗಿ ಆದ ಉಪಕಾರ ಇದೊಂದೇ ಇರಬಹುದು, ನಾಲ್ಕು ಮೂಟೆ ಆಲೂಗಡ್ಡೆ.

ಯುದ್ಧದ ಭಾಗ ಚುರುಕಾಗಿದೆ. ಕೊನೆ ಹತ್ತಿರ ಬಂದಾಗ ಕ್ಲೇರ್ ಒಂದು ಮಾತು ಆಡುತ್ತಾಳೆ, ಚಾರ್ಲ್ಸ್‌ನನ್ನೇ ಮುಗಿಸಿಬಿಟ್ಟರೆ ಸಾವಿರಾರು ಜನ ಉಳಿಯುತ್ತಾರಲ್ಲ ಅಂತ. ಜೀವ ಉಳಿಸುವ ಕೆಲಸ ಕಲಿತವಳ ಬಾಯಲ್ಲಿ ಈ ಮಾತು. ಅದನ್ನು ಬಾಗಿಲ ಆಚೆ ನಿಂತು ಕೇಳಿಸಿಕೊಂಡ ಒಬ್ಬನಿಂದ ಏನಾಗುತ್ತದೆ ಅನ್ನುವುದನ್ನು ನೀವೇ ಓದಿ.

ಇನ್ನು ಕೊಳ್ಳುವವರಿಗೆ. ಇದು ಮಕ್ಕಳ ಪುಸ್ತಕ ಅಲ್ಲ. ಹಾಸಿಗೆ ದೃಶ್ಯಗಳು ಇವೆ, ಅದಕ್ಕಿಂತ ಹೆಚ್ಚಾಗಿ ಹಿಂಸೆ ಇದೆ, ಒಬ್ಬ ಹುಡುಗನ ಮೇಲಿನ ದೌರ್ಜನ್ಯದ ಪ್ರಸಂಗವೂ ಇದೆ, ಓದಿದ ಮೇಲೆ ಸ್ವಲ್ಪ ಹೊತ್ತು ಪುಸ್ತಕ ಕೆಳಗಿಡಬೇಕಾಯಿತು. ಇಂಗ್ಲಿಷ್ ಕಷ್ಟ ಇಲ್ಲ, ನಡುವೆ ಬರುವ ಗೇಲಿಕ್, ಫ್ರೆಂಚ್ ಮಾತುಗಳನ್ನು ಹಾರಿಸಿದರೂ ಕಥೆ ಕೆಡುವುದಿಲ್ಲ. ನಾನು ಆನ್‌ಲೈನ್‌ನಲ್ಲಿ ತರಿಸಿದ ಚಿಕ್ಕ ಸೈಜಿನ ಪ್ರತಿಯಲ್ಲಿ ಅಕ್ಷರ ಸಾಸಿವೆ ಕಾಳು, ಅರ್ಧಕ್ಕೆ ಬರುವಷ್ಟರಲ್ಲಿ ಬೈಂಡಿಂಗ್ ಬಿಟ್ಟುಕೊಂಡಿತು. 900ಕ್ಕೂ ಜಾಸ್ತಿ ಪುಟದ ಪುಸ್ತಕವನ್ನು ಆ ಅಂಟಿನಲ್ಲಿ ನಿಲ್ಲಿಸುತ್ತೇವೆ ಅಂದುಕೊಂಡವರ ಧೈರ್ಯ ಮೆಚ್ಚಬೇಕು. ದೊಡ್ಡ ಸೈಜು ಸಿಕ್ಕರೆ ಅದೇ ತೆಗೆದುಕೊಳ್ಳಿ, ಇಲ್ಲ ಅಂದರೆ ಫೋನಿನಲ್ಲೋ ಟ್ಯಾಬಿನಲ್ಲೋ ಓದಿ.

ಟಿವಿ ಸರಣಿ ನೋಡಿದ್ದೇನೆ, ಪುಸ್ತಕ ಬೇಕಾ ಅಂತ ಕೇಳುವವರಿಗೂ ಒಂದು ಮಾತು. 2016ರಲ್ಲಿ ಬಂದ ಎರಡನೇ ಸೀಸನ್‌ನಲ್ಲಿ 1968ರ ಭಾಗವನ್ನು ಕೊನೆಯ ಕಂತಿಗೆ ಹಾಕಿದ್ದಾರೆ, ಶುರುವಿನಲ್ಲಿ ಕ್ಲೇರ್ ಫ್ರಾಂಕ್ ಹತ್ತಿರ ವಾಪಸ್ ಬರುವುದನ್ನು ತೋರಿಸುತ್ತಾರೆ. ಪುಸ್ತಕದಲ್ಲಿ 1968ರ ಭಾಗವನ್ನು ರೋಜರ್‌ನ ಕಣ್ಣಿನಿಂದ ಬಹಳಷ್ಟು ನೋಡುತ್ತೇವೆ, ಕ್ಲೇರ್ ಅವನಿಗೆ ಒಬ್ಬ ವಿಚಿತ್ರ ಹೆಂಗಸು. ಮೊದಲ ಪುಸ್ತಕ ಪೂರ್ತಿ ಅವಳ ಬಾಯಿಂದಲೇ ಕೇಳಿದ ನಮಗೆ ಅವಳನ್ನು ಹೊರಗಿನವರಂತೆ ನೋಡುವ ಅನುಭವ ಹೊಸದು. ಟಿವಿಯಲ್ಲಿ ಅದು ಸಿಗುವುದಿಲ್ಲ. ಪ್ಯಾರಿಸ್‌ನ ಬಟ್ಟೆಬರೆ ಮಾತ್ರ ಟಿವಿಯಲ್ಲೇ ಚೆಂದ, ಅದಕ್ಕೆ ಪುಟಗಟ್ಟಲೆ ವರ್ಣನೆ ಓದುವ ಕಷ್ಟವೂ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೇಷ್ಟ್ರು ಮೂರು, ಮಂಡ್ಯದವಳು ಐದು. ಅಕ್ಕ ಈಗ ಆಸ್ಪತ್ರೆಯ ಅಧ್ಯಾಯದಲ್ಲಿದ್ದಾರೆ. ಓದುವ ಮೊದಲು ಕೊನೆಯ ಪುಟ ತಿರುಗಿಸಿ ನೋಡುವ ಚಟ ಇದ್ದವರು ಇದೊಂದು ಪುಸ್ತಕಕ್ಕೆ ಅದನ್ನು ಬಿಡಿ. ಇಡೀ ಕಥೆಯ ಕೊನೆಯನ್ನು ಶುರುವಿನಲ್ಲೇ ಹೇಳಿಬಿಟ್ಟ ಲೇಖಕಿ ಒಂದೇ ಒಂದು ವಿಷಯ ಬಚ್ಚಿಟ್ಟಿದ್ದಾರೆ, ಅದು ಅಲ್ಲಿದೆ. ಮೂರನೇ ಭಾಗ ಮೊದಲೇ ತರಿಸಿಟ್ಟುಕೊಂಡಿರಿ, ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.