ಎಂಕೆ2 ರೆಗ್ಯುಲೇಟರ್: ಮೈಸೂರಿನಲ್ಲಿಟ್ಟುಕೊಂಡು ಹಲವು ವರ್ಷ ಬಳಸಿದ ಮೇಲೆ

ಮೈಸೂರಿನಲ್ಲಿದ್ದುಕೊಂಡು, ಮಳೆಗಾಲ ಮುಗಿದ ಮೇಲಷ್ಟೇ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತ ಡೈವ್ ಮಾಡುವವರಿಗೆ ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಬರುವಂತೆ ಕೊಡುವ ರೆಗ್ಯುಲೇಟರ್ ಸ್ವಂತದ್ದೇ ಬೇಕೇ ಎಂದು ಕೇಳಿದರೆ, ಸ್ಕೂಬಾಪ್ರೊ ಕಂಪನಿಯ ಎಂಕೆ2 ಅನ್ನು ಹಲವು ವರ್ಷಗಳಿಂದ ಬಳಸುತ್ತಿರುವ ನಾನು ಬೇಕೆಂದೇ ಹೇಳುತ್ತೇನೆ. ಸಿಲಿಂಡರ್, ತೂಕದ ಬೆಲ್ಟುಗಳು ಬಾಡಿಗೆಯವಾದರೂ ನಡೆಯುತ್ತದೆ. ಉಸಿರು ಕೊಡುವ ಸಾಧನವನ್ನು ಯಾರು ಹೇಗೆ ತೊಳೆದು ಒಣಗಿಸಿದ್ದಾರೆಂಬುದು ಮಾತ್ರ ನನಗೆ ಗೊತ್ತಿರಲೇಬೇಕು.

ಇದರ ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರಿಗೆ ಜೋಡಿಸುವ ಭಾಗ, ಸರಳವಾದ ಪಿಸ್ಟನ್ ಮಾದರಿಯದು. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಇರುವ ಒತ್ತಡವನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್‌ನಷ್ಟು ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಉಳಿದ ಕೆಲಸ ಬಾಯಲ್ಲಿರುವ ಸೆಕೆಂಡ್ ಸ್ಟೇಜ್‌ನದು. ಈ ಫಸ್ಟ್ ಸ್ಟೇಜ್ ಅನ್‌ಬ್ಯಾಲೆನ್ಸ್ಡ್, ಅಂದರೆ ಸಿಲಿಂಡರಿನ ಒತ್ತಡದ ಇಳಿತವನ್ನು ಸರಿದೂಗಿಸದ ಮಾದರಿಯದಾದ್ದರಿಂದ, ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಉಸಿರೆಳೆಯುವುದು ತುಸು ಬಿಗಿಯೆನಿಸುತ್ತದೆ. ಹದಿನೆಂಟು ಮೀಟರಿನೊಳಗೆ ಇದ್ದು, 50 ಬಾರ್ ಉಳಿಸಿಕೊಂಡು ಮೇಲೇರುವವರಿಗೆ ಅದೊಂದು ಕೊರತೆಯೇ ಅಲ್ಲ. ಮೂವತ್ತು ಮೀಟರಿಗೆ ಇಳಿಯುವವರು ಬ್ಯಾಲೆನ್ಸ್ಡ್ ಮಾದರಿಗೆ ಹೆಚ್ಚು ಹಣ ಕೊಡುವುದೇ ಸರಿ.

ಆಯ್ಕೆಗಿಂತಲೂ ಆರೈಕೆ ಮುಖ್ಯ. ಸಿಲಿಂಡರಿನಿಂದ ಬಿಚ್ಚಿದ ಕೂಡಲೇ, ಗಾಳಿ ಒಳಬರುವ ಬಾಯಿಯನ್ನು ಮುಚ್ಚುವ ಡಸ್ಟ್ ಕ್ಯಾಪ್‌ನ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ ಬಿಗಿಯಬೇಕು. ಅಲ್ಲೊಂದು ಹನಿ ಉಪ್ಪುನೀರು ಉಳಿದರೂ ಅದು ಫಸ್ಟ್ ಸ್ಟೇಜ್‌ನೊಳಗೆ ಸೇರುತ್ತದೆ. ಸಿಹಿನೀರಿನಲ್ಲಿ ನೆನೆಸಿಟ್ಟಿರುವಾಗ ಸೆಕೆಂಡ್ ಸ್ಟೇಜ್‌ನ ಪರ್ಜ್ ಬಟನ್ (ಗಾಳಿಯನ್ನು ನೇರವಾಗಿ ಹೊರಬಿಡುವ ಗುಂಡಿ) ಒತ್ತಕೂಡದು, ಏಕೆಂದರೆ ಆಗ ವಾಲ್ವ್ ತೆರೆದು ನೀರು ಹೋಸಿನ ಮೂಲಕ ಹಿಂದಕ್ಕೆ ನುಗ್ಗುತ್ತದೆ. ಊರಿಗೆ ಮರಳಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಮತ್ತೊಮ್ಮೆ ನೆನೆಸುತ್ತೇನೆ. ನಮ್ಮ ಬೋರ್‌ವೆಲ್ ನೀರು ಗಡುಸಾಗಿದ್ದು, ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುವುದರಿಂದ ಕೊನೆಯ ತೊಳೆತಕ್ಕೆ ಕಾವೇರಿ ನೀರೇ ಆಗಬೇಕು. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಹೋಸುಗಳನ್ನು ಮಡಚದೆ ಸಡಿಲವಾಗಿ ಸುತ್ತಿಡಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಡಸ್ಟ್ ಕ್ಯಾಪ್ ತೆಗೆದು, ಗಾಳಿ ಒಳಬರುವಲ್ಲಿನ ಲೋಹದ ಫಿಲ್ಟರನ್ನು ಟಾರ್ಚ್ ಹಿಡಿದು ನೋಡಲಿ. ಅದು ಹಸಿರುಗಟ್ಟಿದ್ದರೆ ಉಪ್ಪುನೀರು ಒಳಹೊಕ್ಕಿದೆಯೆಂದೇ ಅರ್ಥ. ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡುವುದು ಕ್ಷೇಮ.

ಕೈಪಿಡಿ ಹೇಳುವ ಅವಧಿಗೆ ಸರ್ವಿಸ್ ಮಾಡಿಸಿ, ಒ-ರಿಂಗ್‌ (ಸೋರಿಕೆ ತಡೆಯುವ ರಬ್ಬರ್ ಬಳೆ) ಮತ್ತು ವಾಲ್ವ್ ಕೂರುವ ಸೀಟುಗಳನ್ನು ಹೊಸದಾಗಿ ಹಾಕಿಸುತ್ತೇನೆ. ಒಳಗಿನದನ್ನು ನಾನಾಗಿ ಬಿಚ್ಚುವುದಿಲ್ಲ. ಪ್ರವಾಸಕ್ಕೆ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ: ಕ್ಯಾಪ್ ಬಿಗಿದಿರುವಾಗ ಮೌತ್‌ಪೀಸಿನಿಂದ ಉಸಿರೆಳೆದರೆ ಗಾಳಿ ಬರಬಾರದು. ಬಂದರೆ ಮೊದಲು ಮೌತ್‌ಪೀಸನ್ನು ಕಟ್ಟಿರುವ ಪಟ್ಟಿಯ ಅಂಚನ್ನು ನೋಡಿ; ಸಿಲಿಕೋನ್ ಹೆಚ್ಚಾಗಿ ಹರಿದುಹೋಗುವುದು ಅಲ್ಲೇ, ಬದಲಾಯಿಸಲು ಐದು ನಿಮಿಷ ಸಾಕು.