ಬಾಯಲ್ಲಿ ಕರಗೋ ವಾಂತಿ ಮಾತ್ರೆ, ನುಂಗೋದು, ಸಿರಪ್, ಅವೊಮಿನ್: ನಮ್ಮ ಮನೆಯಲ್ಲಿ ಯಾವುದು ಯಾರಿಗೆ ಹಿಡಿಸ್ತು

ಮುಂಬೈಯಲ್ಲಿ ಯಾವ ಮೆಡಿಕಲ್‌ಗೆ ಹೋಗಿ "ಉಲ್ಟಿ ಕೀ ಗೋಲಿ ದೇದೋ" ಅಂದ್ರೂ ಎರಡನೇ ಪ್ರಶ್ನೆ ಕೇಳದೆ ಒಂಡಾನ್ಸೆಟ್ರಾನ್ 4 ಎಂಜಿ ಎಂಡಿ ಸ್ಟ್ರಿಪ್ ಕೈಗೆ ಕೊಡ್ತಾರೆ. ಎಂಡಿ ಅಂದ್ರೆ ಬಾಯಲ್ಲಿ ಕರಗೋದು. ಒಂಡೆಮ್ ಆಗ್ಲಿ ಎಮೆಸೆಟ್ ಆಗ್ಲಿ ವೋಮಿಕೈಂಡ್ ಆಗ್ಲಿ, ಒಳಗಿರೋ ಔಷಧಿ ಅದೇ. ಇದು ಡಾಕ್ಟ್ರ ಚೀಟಿ ಬೇಕಾದ ಔಷಧಿ ಅನ್ನೋದು ಸ್ಟ್ರಿಪ್ ಮೇಲೆಯೇ ಪ್ರಿಂಟ್ ಆಗಿರ್ತದೆ, ಆದ್ರೆ ಅದನ್ನು ಓದೋರು ಯಾರು ಮಾರಾಯ್ರೇ.

ನಮ್ಮ ಡೊಂಬಿವಲಿ ಮನೆಯಲ್ಲಿ ವಾಂತಿ ಮಾಡೋರಿಗೇನೂ ಕೊರತೆ ಇಲ್ಲ. ಮಗನಿಗೆ ಮಳೆಗಾಲ ಬಂದ್ರೆ ಹೊಟ್ಟೆ ಕೆಡ್ತದೆ, ನಂಗೆ ಘಾಟ್ ಹತ್ತಿದ್ರೆ ಸಾಕು, ಅತ್ತೆಗೆ ತಲೆ ಸುತ್ತು ಬಂದಾಗ ಜೊತೆಗೇ ವಾಂತಿ, ಯಜಮಾನ್ರಿಗೆ ರಾತ್ರಿ ಹತ್ತೂವರೆಗೆ ಲೋಕಲ್ ಇಳಿದು ಬಂದು ಗಡದ್ದಾಗಿ ಉಂಡ ಮೇಲೆ ಹೊಟ್ಟೆ ಉಬ್ಬರ. ಹೀಗಾಗಿ ವರ್ಷಗಳಿಂದ ಬೇರೆ ಬೇರೆ ಡಾಕ್ಟ್ರು ಬರೆದುಕೊಟ್ಟ ಎಲ್ಲಾ ನಮೂನೆಯ ಮಾತ್ರೆಗಳೂ ನಮ್ಮ ಡಬ್ಬಿ ಸೇರಿ ಹೋಗಿವೆ. ವಾಂತಿ ಯಾಕೆ ಬಂತು ಅಂತ ನೋಡದೆ ಮಾತ್ರೆ ಆರಿಸೋಕೆ ಆಗೋದಿಲ್ಲ ಅನ್ನೋದು ನನ್ನ ಪಕ್ಕಾ ಅಭಿಪ್ರಾಯ, ಉಳಿದದ್ದೆಲ್ಲ ಅದರ ವಿವರ.

ಮೊದ್ಲು ಎಂಡಿ ಮತ್ತು ಮಾಮೂಲಿ ನುಂಗೋ ಒಂಡಾನ್ಸೆಟ್ರಾನ್. ಬಾಯಲ್ಲಿ ಕರಗ್ತದೆ ಅಂದ ಮೇಲೆ ಬೇಗ ಹತ್ತುತ್ತದೆ ಅಂತ ಎಲ್ಲರೂ ಹೇಳ್ತಾರೆ. ಹಾಗಿಲ್ಲ. ನಾಲಿಗೆ ಮೇಲೆ ಕರಗೋದು ಬರೀ ಮಾತ್ರೆ. ಔಷಧಿ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿದು ಕರುಳಿನಿಂದಲೇ ರಕ್ತಕ್ಕೆ ಸೇರಬೇಕು, ನುಂಗಿದ ಮಾತ್ರೆಯ ದಾರಿಯೂ ಅದೇ. ರಕ್ತದಲ್ಲಿ ಪೂರ್ತಿ ಏರೋಕೆ ಎರಡಕ್ಕೂ ಹೆಚ್ಚುಕಮ್ಮಿ ಒಂದೂವರೆಯಿಂದ ಎರಡು ಗಂಟೆ ಬೇಕು, ಆರಾಮ ಅನ್ನಿಸೋಕೆ ಶುರುವಾಗೋದು ಸುಮಾರು ಅರ್ಧ ಗಂಟೆಗೆ. ಹಾಗಾಗಿ ನಾಲಿಗೆ ಅಡಿಯಲ್ಲಿ ಇಟ್ಕೊಂಡ್ರೆ ಇನ್ನೂ ಬೇಗ ಅನ್ನೋದಕ್ಕೂ ಅರ್ಥ ಇಲ್ಲ, ಮೇಲೆ ಇಟ್ರೆ ಸಾಕು.

ಆದ್ರೂ ಇವೆರಡರಲ್ಲಿ ಎಂಡಿಯೇ ಗೆಲ್ಲೋದು, ಕಾರಣ ನೀರು. ಹೊಟ್ಟೆ ತೊಳಸ್ತಾ ಇರುವಾಗ ಅರ್ಧ ಲೋಟ ನೀರು ಗಟಗಟ ಕುಡಿದು ಮಾತ್ರೆ ನುಂಗಿದ್ರೆ ಆ ನೀರೇ ಮಾತ್ರೆಯನ್ನೂ ಎಳ್ಕೊಂಡು ವಾಪಸ್ ಬರ್ತದೆ, ಆಮೇಲೆ ಎಷ್ಟು ಒಳಗೆ ಉಳೀತು ಎಷ್ಟು ಹೊರಗೆ ಹೋಯ್ತು ಅಂತ ಬಕೆಟ್ ನೋಡ್ತಾ ಕೂರೋ ಪರಿಸ್ಥಿತಿ. ಎಂಡಿಗೆ ನೀರೇ ಬೇಡ. ವಾಂತಿ ಇನ್ನೂ ಶುರುವಾಗಿಲ್ಲ, ಬರೀ ವಾಕರಿಕೆ, ನೀರು ನಿಲ್ತದೆ ಅಂತಾದ್ರೆ ಮಾಮೂಲಿ ಮಾತ್ರೆಯೂ ಅಷ್ಟೇ ಒಳ್ಳೆದು, ನಂಗೆ ವ್ಯತ್ಯಾಸವೇ ಗೊತ್ತಾಗಿಲ್ಲ.

ಎಂಡಿ ತಗೊಳ್ಳೋ ರೀತಿಯಲ್ಲಿ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಈ ಮಾತ್ರೆ ಬಹಳ ಮೆದು, ಬೇರೆ ಮಾತ್ರೆ ಒತ್ತಿ ತೆಗೆದ ಹಾಗೆ ಹೆಬ್ಬೆಟ್ಟಿನಿಂದ ಒತ್ತಿದ್ರೆ ಪುಡಿಯಾಗಿ ಅರ್ಧ ನೆಲಕ್ಕೆ ಬೀಳ್ತದೆ. ಕೆಲವು ಸ್ಟ್ರಿಪ್‌ಗಳಲ್ಲಿ ಹಿಂದಿನ ಹಾಳೆಯನ್ನು ಮೂಲೆಯಿಂದ ಸುಲಿದು ತೆಗೀಬೇಕು, ಅದನ್ನು ಚಿತ್ರ ಹಾಕಿ ತೋರಿಸಿಯೂ ಇರ್ತಾರೆ. ಕೈ ಒಣಗಿರಬೇಕು. ವಾಂತಿ ಮಾಡಿ ಮುಖ ತೊಳ್ಕೊಂಡು ಒದ್ದೆ ಬೆರಳಲ್ಲೇ ಮುಟ್ಟಿದ್ರೆ ಅದು ಬೆರಳಿಗೇ ಅಂಟಿ ಅಲ್ಲೇ ಕರಗೋಕೆ ಶುರು. ನಮ್ಮ ಜುಲೈ ಹವೆಯಲ್ಲಂತೂ ಮೊದಲೇ ಬಿಚ್ಚಿ ಸಣ್ಣ ಡಬ್ಬಿಯಲ್ಲಿ ಹಾಕಿ ಪರ್ಸಲ್ಲಿ ಇಟ್ಕೊಳ್ಳೋ ಐಡಿಯಾ ಬೇಡವೇ ಬೇಡ, ಗಾಳಿಯಲ್ಲಿರೋ ತೇವವೇ ಸಾಕು ಅದನ್ನು ಹಾಳು ಮಾಡೋಕೆ.

ವಾಂತಿಯಾದ ಕೂಡಲೇ ಬಾಯಿ ಮುಕ್ಕಳಿಸಿ ಉಗೀರಿ. ಹುಳಿನೀರು ಹೋಗ್ತದೆ, ಒಣಗಿದ ನಾಲಿಗೆಯೂ ಸ್ವಲ್ಪ ಒದ್ದೆಯಾಗ್ತದೆ, ಇಲ್ಲದಿದ್ರೆ ಮಾತ್ರೆ ಕರಗೋಕೆ ಜೊಲ್ಲೇ ಇರೋದಿಲ್ಲ. ಆಮೇಲೆ ಮಾತ್ರೆ ನಾಲಿಗೆ ಮೇಲಿಟ್ಟು ಸುಮ್ಮನಿರಿ, ಜಗಿಯೋದು ಬೇಡ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಈ ತರದ ಮಾತ್ರೆಗಳು ಸುಮಾರು 30 ಸೆಕೆಂಡಲ್ಲಿ ಕರಗಬೇಕು ಅಂತ ಹೇಳಿತ್ತು, ನಾವು ತಂದದ್ದರಲ್ಲಿ ಕೆಲವು ಕೂಡಲೇ ಮಾಯ, ಕೆಲವು ಸುಣ್ಣದ ಪುಡಿ ತರ ನಾಲಿಗೆಗೆ ಮೆತ್ಕೊಂಡು ಕೂರ್ತವೆ. ಕರಗಿದ್ದನ್ನು ಜೊಲ್ಲಿನ ಜೊತೆ ನುಂಗಿ, ಒಂದು ಹದಿನೈದು ಇಪ್ಪತ್ತು ನಿಮಿಷ ಏನೂ ಕುಡೀಬೇಡಿ. ಸಿಹಿ ಬರೋದು ಹೆಚ್ಚಿನದರಲ್ಲಿ ಆಸ್ಪರ್ಟೇಮ್‌ನಿಂದ, ಫಿನೈಲ್‌ಕೀಟೋನ್ಯೂರಿಯಾ ಅನ್ನೋ ಹುಟ್ಟು ಕಾಯಿಲೆ ಇರೋರು ಮನೆಯಲ್ಲಿದ್ರೆ ಲೇಬಲ್ ನೋಡದೆ ಕೊಡಬಾರದು.

ಮಾತ್ರೆ ಕರಗಿದ ಮೇಲೂ ಒಂದು ವಾಂತಿ ಬಂತು ಅಂತ ಕೂಡಲೇ ಇನ್ನೊಂದು ಬಾಯಿಗೆ ಹಾಕೋದು ಸರಿಯಲ್ಲ. ಹಾಕಿದ ಐದು ಹತ್ತು ನಿಮಿಷದೊಳಗೆ ಬಂದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ಬೇಕು, ಎಷ್ಟು ಹೊತ್ತಾಯ್ತು ಅನ್ನೋದರ ಮೇಲೆ ಅವರು ಹೇಳ್ತಾರೆ.

ಇನ್ನು ಮಕ್ಕಳಿಗೆ ಸಿರಪ್ಪಾ ಎಂಡಿಯಾ. ಮಗ ಸಣ್ಣವನಿದ್ದಾಗ ಸಿರಪ್ಪೇ ಸೈ, ಯಾಕಂದ್ರೆ ಡೋಸ್ ತೂಕದ ಲೆಕ್ಕದಲ್ಲಿ ಕೊಡೋದು, ಸಿರಪ್ ಸಾಧಾರಣವಾಗಿ 5 ಎಂಎಲ್‌ಗೆ 2 ಎಂಜಿ ಇರ್ತದೆ, ಮುಚ್ಚಳದಲ್ಲಿ ಅಥವಾ ಸೂಜಿಯಿಲ್ಲದ ಸಿರಿಂಜಲ್ಲಿ ಅಳೀಬಹುದು. ಎಂಡಿ 4 ಎಂಜಿಯನ್ನು ಅರ್ಧ ಮಾಡೋಕೆ ಹೋದ್ರೆ ಎರಡು ತುಂಡು ಯಾವತ್ತೂ ಸಮ ಬರೋದಿಲ್ಲ, ಉಳಿದ ತುಂಡು ತೇವ ಹಿಡಿದು ಹಾಳು. ಆದ್ರೆ ಸಿರಪ್ಪಿನ ಆ ಗಾಢ ಸಿಹಿ, ಬಾಯಿ ಬಿಡದ ಮಗು, ಅರ್ಧ ನೈಟಿ ಮೇಲೆ, ಇದೆಲ್ಲ ಗೊತ್ತಿದ್ದದ್ದೇ. ಹುಡುಗ ದೊಡ್ಡವನಾಗಿ ತೂಕ ಇಡೀ ಮಾತ್ರೆಗೆ ಬಂದ ಮೇಲೆ ಡಾಕ್ಟ್ರೇ ಎಂಡಿಗೆ ಬದಲಾಯಿಸಿದ್ರು, ನಾಲಿಗೆ ಮೇಲೆ ಇಟ್ಟದ್ದನ್ನು ಉಗಿಯೋಕೂ ಅವನಿಗೆ ಟೈಮ್ ಸಿಗೋದಿಲ್ಲ. 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಸ್ಟಡಿಯಲ್ಲಿ ಹೊಟ್ಟೆ ಇನ್ಫೆಕ್ಷನ್ ಆದ ಮಕ್ಕಳಿಗೆ ಕೊಟ್ಟದ್ದೂ ಇದೇ ಬಾಯಲ್ಲಿ ಕರಗೋ ಮಾತ್ರೆ, ಒಂದೇ ಡೋಸ್, 8ರಿಂದ 15 ಕೆಜಿಯವರಿಗೆ 2 ಎಂಜಿ, 30 ಕೆಜಿವರೆಗೆ 4, ಅದರ ಮೇಲೆ 8. ಓಆರ್‌ಎಸ್ ಕುಡಿಸೋವಾಗ ಮತ್ತೆ ವಾಂತಿ ಮಾಡಿದ್ದು ಮಾತ್ರೆ ತಗೊಂಡವರಲ್ಲಿ 14 ಪರ್ಸೆಂಟ್, ಔಷಧಿಯಿಲ್ಲದ ಉತ್ತುತ್ತು ಮಾತ್ರೆ ಕೊಟ್ಟವರಲ್ಲಿ 35. ಇದನ್ನು ಬರೆದದ್ದು ಮನೆಯಲ್ಲೇ ತೂಕ ಹಾಕಿ ಕೊಡ್ಲಿ ಅಂತ ಅಲ್ಲ, ಒಂದೇ ಡೋಸ್ ಅನ್ನೋದನ್ನು ಗಮನಿಸ್ಲಿ ಅಂತ. ದಿನವಿಡೀ ನಾಲ್ಕು ಗಂಟೆಗೊಂದು ಕೊಡ್ತಾ ಹೋಗೋ ಅಮ್ಮಂದಿರನ್ನು ನಮ್ಮ ಬಿಲ್ಡಿಂಗಲ್ಲೇ ನೋಡಿದ್ದೇನೆ. ಅದೇ ಸ್ಟಡಿಯಲ್ಲಿ ಮಾತ್ರೆ ತಗೊಂಡ ಮಕ್ಕಳಿಗೆ ಭೇದಿ ಸ್ವಲ್ಪ ಜಾಸ್ತಿಯೇ ಆಗಿತ್ತು, ಹಾಗಾಗಿ ಮಾತ್ರೆ ಕೊಟ್ಟು ನಿಶ್ಚಿಂತೆಯಿಂದ ಕೂರೋ ಹಾಗಿಲ್ಲ. ಮಾತ್ರೆಯ ಕೆಲಸ ಓಆರ್‌ಎಸ್‌ಗೆ ದಾರಿ ಬಿಡಿಸಿಕೊಡೋದು, ದೇಹಕ್ಕೆ ನೀರು ಉಪ್ಪು ಕೊಡೋದು ಓಆರ್‌ಎಸ್ಸೇ. ದೊಡ್ಡ ಪಾಕೆಟ್ಟಾದ್ರೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ, ಚಮಚದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ. ಟೆಟ್ರಾ ಪ್ಯಾಕಲ್ಲಿ ಬರೋ ಸಿಹಿ ಜ್ಯೂಸ್ ತರದ್ದೆಲ್ಲ ಓಆರ್‌ಎಸ್ ಅಲ್ಲ, ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಬರೆದದ್ದನ್ನೇ ನೋಡಿ ತನ್ನಿ.

ಈಗ ನನ್ನ ವಿಷಯ, ಘಾಟ್. ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾ ಹತ್ತೋದು ಹೇಗೋ ಆಗ್ತದೆ, ಊರಿಗೆ ಹೋಗೋ ದಾರಿಯಲ್ಲಿ ಕಶೇಡಿ, ಪರಶುರಾಮ ಘಾಟ್, ಇಲ್ಲ ಸಾವಂತವಾಡಿಯಿಂದ ಆಂಬೋಲಿ ಹತ್ತೋದು ಇದೆಯಲ್ಲ, ಅಲ್ಲಿ ನನ್ನ ಕಥೆ ಮುಗೀತು. ಭಾವುಚಾ ಧಕ್ಕಾದಿಂದ ಮಾಂಡ್ವಾಗೆ ಹೋಗೋ ರೋ-ರೋ ಪರವಾಗಿಲ್ಲ, ದೊಡ್ಡ ಹಡಗು. ಗೇಟ್‌ವೇಯಿಂದ ಹೋಗೋ ಸಣ್ಣ ಬೋಟ್ ಅಲೆಗೆ ಕುಣಿಯೋಕೆ ಶುರು ಮಾಡಿದ್ರೆ ಅಲಿಬಾಗ್ ಬೀಚ್ ಯಾರಿಗೆ ಬೇಕು. ಇದಕ್ಕೆ ಒಂಡಾನ್ಸೆಟ್ರಾನ್ ಎಂಡಿ ಹಾಕ್ಕೊಂಡು ಹೋಗಿ ನೋಡಿದ್ದೇನೆ, ಅದು ಏನೂ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ಹೊಟ್ಟೆ ಕೆಟ್ಟಾಗ ಕರುಳಿನ ಕೋಶಗಳು ಸೆರೊಟೋನಿನ್ ಅನ್ನೋ ರಾಸಾಯನಿಕ ಬಿಡ್ತವೆ, ಅದು ನರದ ಮೂಲಕ ಮೆದುಳಿಗೆ ಚಾಡಿ ಹೇಳ್ತದೆ, ಒಂಡಾನ್ಸೆಟ್ರಾನ್ ಆ ಸೆರೊಟೋನಿನ್ ಕೂರೋ ಜಾಗವನ್ನು ಮುಚ್ಚುತ್ತದೆ. ಘಾಟ್ ವಾಂತಿ ಹುಟ್ಟೋದು ಹೊಟ್ಟೆಯಲ್ಲೇ ಅಲ್ಲ, ಒಳಕಿವಿಯಲ್ಲಿ. ಕಣ್ಣಿಗೆ ಕಾರಿನ ಸೀಟು ನಿಂತಿದೆ, ಕಿವಿಗೆ ತಿರುಗ್ತಾ ಉಂಟು, ಆ ಜಗಳದಲ್ಲಿ ಇರೋದು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಅನ್ನೋ ಬೇರೆ ರಾಸಾಯನಿಕಗಳು. ಅದನ್ನು ತಡೆಯೋ ಔಷಧಿ ಬೇರೆ.

ಅದೇ ಅವೊಮಿನ್, ಅಂದ್ರೆ ಪ್ರೊಮೆಥಜೀನ್ ಥಿಯೋಕ್ಲೇಟ್ 25 ಎಂಜಿ. ಸಣ್ಣ ಪ್ರಯಾಣಕ್ಕೆ ಹೊರಡೋ ಒಂದೆರಡು ಗಂಟೆ ಮೊದಲು, ಬೆಳಿಗ್ಗೆ ಬೇಗ ಹೊರಟು ಇಡೀ ದಿನದ ದಾರಿ ಅಂತಾದ್ರೆ ಹಿಂದಿನ ರಾತ್ರಿ ಮಲಗೋವಾಗ. ಇದನ್ನು ನೀರಲ್ಲೇ ನುಂಗ್ಬೇಕು, ಕರಗೋದಲ್ಲ, ಆದ್ರೆ ಮೊದಲೇ ತಗೊಳ್ಳೋದರಿಂದ ಅದೇನೂ ತೊಂದರೆ ಅನ್ನಿಸೋದಿಲ್ಲ. ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ಚಿಪ್ಳೂಣ್‌ನಲ್ಲಿ ಗಾಡಿ ನಿಲ್ಲಿಸಿ ನುಂಗಿದ್ರೆ ದುಡ್ಡು ದಂಡ. ನಂಗೆ ಇದು ಕೆಲಸ ಮಾಡ್ತದೆ, ಸಾಕಷ್ಟು ಚೆನ್ನಾಗಿಯೇ, ಆದ್ರೆ ನಿದ್ದೆ ಅಂದ್ರೆ ನಿದ್ದೆ ಮಾರಾಯ್ರೇ, ಊರು ಬಂದಾಗ ಯಾರೋ ಅಲುಗಾಡಿಸಿ ಎಬ್ಬಿಸಬೇಕು, ಬಾಯಿ ಒಣಗಿ ಕಟ್ಟಿಗೆ. ಇದನ್ನು ತಗೊಂಡು ಸ್ಟೇರಿಂಗ್ ಹಿಡಿಯೋ ಹಾಗೇ ಇಲ್ಲ, ಗೋವಾ ಟ್ರಿಪ್ಪಲ್ಲಿ ಇದರ ಮೇಲೆ ಬಿಯರ್ ಕೂಡ ಬೇಡ. ಮಾವನವರಿಗೆ ಪ್ರಾಸ್ಟೇಟ್ ತೊಂದರೆ ಉಂಟು, ಅವರಿಗೆ ಇದು ಕೊಡಲೇಬೇಡಿ, ಮೂತ್ರ ಕಟ್ಟಬಹುದು ಅಂತ ಡಾಕ್ಟ್ರು ಸ್ಪಷ್ಟವಾಗಿ ಹೇಳಿದ್ರು, ಗ್ಲಾಕೋಮಾ ಇರೋರಿಗೂ ಹಾಗೆಯೇ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಖಂಡಿತ ಇಲ್ಲ, ಉಸಿರಾಟಕ್ಕೇ ಅಪಾಯ. ನಿಜ ಹೇಳಬೇಕಂದ್ರೆ ಊರಿಗೆ ಹೋಗೋಕೆ ಇವೆಲ್ಲದಕ್ಕಿಂತ ಒಳ್ಳೇ ಔಷಧಿ ಕುರ್ಲಾದಿಂದ ಹೊರಡೋ ಮತ್ಸ್ಯಗಂಧ ರೈಲು, ಟಿಕೆಟ್ ಸಿಕ್ಕಿದ್ರೆ.

ಅತ್ತೆಯ ತಲೆ ಸುತ್ತಿಗೆ ಬರೆದದ್ದು ಸ್ಟೆಮೆಟಿಲ್ ಎಂಡಿ, ಪ್ರೊಕ್ಲೋರ್‌ಪೆರಜೀನ್ 5 ಎಂಜಿ. ಇದೂ ಬಾಯಲ್ಲಿ ಕರಗೋದೇ ಆದ್ರಿಂದ ಮಂಚದಿಂದ ಏಳೋಕಾಗದೆ ಮಲಗಿದ್ದವರಿಗೆ ಕೊಡೋದು ಸುಲಭ, ಕೋಣೆ ತಿರುಗೋದು ನಿಂತದ್ದೂ ಹೌದು. ಒಂಡಾನ್ಸೆಟ್ರಾನ್‌ಗೂ ಇದಕ್ಕೂ ಎಂಡಿ ಅನ್ನೋ ಎರಡಕ್ಷರ ಬಿಟ್ರೆ ಸಂಬಂಧ ಇಲ್ಲ, ಸ್ಟ್ರಿಪ್ ಅದಲು ಬದಲು ಆಗದ ಹಾಗೆ ನೋಡ್ಕೊಳ್ಳಿ. ಇದು ಮೆದುಳಿನ ಡೋಪಮಿನ್ ತಡೆಯೋ ಜಾತಿ, ಕೆಲವರಿಗೆ, ಅದರಲ್ಲೂ ಸಣ್ಣ ಪ್ರಾಯದವರಿಗೆ, ಕುತ್ತಿಗೆ ಸೊಟ್ಟಗೆ ಎಳ್ಕೊಂಡು ನಾಲಿಗೆ ಹೊರಳದ ಹಾಗೆ ಆಗಬಹುದು. ವಯಸ್ಸಾದವರಿಗೆ ವಾರಗಟ್ಟಲೆ ಕೊಟ್ರೆ ಕೈ ನಡುಗೋದು, ನಡಿಗೆ ನಿಧಾನ ಆಗೋದು ಶುರುವಾಗ್ತದೆ. ಎರಡು ಮೂರು ದಿನಕ್ಕೆ ಅಂತ ಬರೆದದ್ದನ್ನು ಆರು ತಿಂಗಳು ರಿಪೀಟ್ ಮಾಡ್ಸಬಾರದು. ವಾಂತಿಗೇ ಕೊಡೋ ಇನ್ನೊಂದು ಔಷಧಿ ಮೆಟೊಕ್ಲೋಪ್ರಮೈಡ್‌ಗೂ ಅದೇ ಗುಣ, ಯುರೋಪಿನಲ್ಲಿ 2013ರಿಂದ ಅದನ್ನು ಐದು ದಿನಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ.

ಯಜಮಾನ್ರ ಡೊಂಪೆರಿಡೋನ್ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಊಟ ಹೊಟ್ಟೆಯಲ್ಲೇ ನಿಂತ ಹಾಗಾಗಿ ವಾಕರಿಕೆ ಬಂದ್ರೆ ಅದು ಒಳ್ಳೇದು, ಊಟಕ್ಕೆ ಮೊದಲೇ ತಗೋಬೇಕು, ಧಾರಾಕಾರ ವಾಂತಿಗೆ ನಂಬೋಕಾಗೋದಿಲ್ಲ. ಆಸಿಡಿಟಿ ಮಾತ್ರೆ ಜೊತೆ ಸೇರಿಸಿದ ಕ್ಯಾಪ್ಸೂಲ್‌ನಲ್ಲಿ ಇದು ಇರ್ತದೆ ಅಂತ ಗೊತ್ತಿಲ್ಲದೆ ವರ್ಷಾನುಗಟ್ಟಲೆ ನುಂಗೋರು ಇದ್ದಾರೆ. ಹೃದಯದ ಬಡಿತ ತಪ್ಪಬಹುದು ಅನ್ನೋ ಕಾರಣಕ್ಕೆ ಯುರೋಪಿನವರು 2014ರಲ್ಲಿ ಇದನ್ನು 10 ಎಂಜಿ, ದಿನಕ್ಕೆ ಮೂರು, ಸಾಧಾರಣ ಒಂದು ವಾರ ಅಂತ ಮಿತಿ ಹಾಕಿದ್ರು.

ಆ ಬಡಿತದ ವಿಷಯ ಒಂಡಾನ್ಸೆಟ್ರಾನ್‌ಗೂ ಉಂಟು. ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದ ಮಾಡ್ತದೆ, ಆರೋಗ್ಯವಾಗಿರೋರಿಗೆ 4 ಎಂಜಿಯಿಂದ ಹೆದರಿಕೆ ಇಲ್ಲ, ಆದ್ರೆ ವಾಂತಿ ಭೇದಿಯಲ್ಲಿ ಪೊಟ್ಯಾಸಿಯಂ ಕಮ್ಮಿಯಾಗಿದ್ದು, ಮೇಲೆ ಓಫ್ಲಾಕ್ಸಸಿನ್ ಅಥವಾ ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ನಡೀತಾ ಇದ್ದು, ಹಳೇ ಹೃದಯದ ತೊಂದರೆಯೂ ಇದ್ರೆ ಎಲ್ಲ ಸೇರಿ ಅಪಾಯ ಹೆಚ್ಚಾಗ್ತದೆ. ಡಿಪ್ರೆಶನ್ ಮಾತ್ರೆ ಅಥವಾ ಟ್ರಮಡಾಲ್ ತಗೊಳ್ಳೋರೂ ಮೊದಲು ಹೇಳ್ಬೇಕು. ಬಸುರಿಯರಿಗೆ ಮೊದಲ ಮೂರು ತಿಂಗಳಲ್ಲಿ ಸ್ವಂತಕ್ಕೆ ತಗೊಳ್ಳೋದು ಬೇಡ, ಅವರಿಗೆ ಡಾಕ್ಟ್ರು ಮೊದಲು ಕೊಡೋದು ಡಾಕ್ಸಿಲಮೀನ್ ಮತ್ತು ಪಿರಿಡಾಕ್ಸಿನ್ ಸೇರಿದ್ದು. ಮಾಮೂಲಿಯವರಿಗೆ ಬರೋದು ತಲೆನೋವು ಮತ್ತು ಮಲಬದ್ಧತೆ, ನಂಗೆ ಎರಡನೇದು ಬರದೇ ಹೋದದ್ದಿಲ್ಲ.

ವಾಂತಿ ಹಸಿರು ಬಣ್ಣದಲ್ಲಿ ಬಂದ್ರೆ, ರಕ್ತ ಕಂಡ್ರೆ, ತಲೆಗೆ ಪೆಟ್ಟಾದ ಮೇಲೆ ಶುರುವಾದ್ರೆ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋವಿದ್ರೆ, ಎದೆನೋವು ಜೊತೆಗಿದ್ರೆ, ಮಗು ಆರೆಂಟು ಗಂಟೆ ಉಚ್ಚೆ ಮಾಡದೆ ಮಂಕಾಗಿ ಬಿದ್ರೆ ಈ ಯಾವ ಮಾತ್ರೆಯ ಹೋಲಿಕೆಯೂ ಬೇಡ, ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ.

ಇನ್ನೊಂದು ಸಣ್ಣ ವಿಷಯ. ಇಲ್ಲಿ ಮೆಡಿಕಲ್‌ನವರು ಎರಡೇ ಮಾತ್ರೆ ಕೇಳಿದ್ರೆ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ, ಹೆಸರು ಒಂದು ಕಡೆ, ಎಕ್ಸ್‌ಪೈರಿ ಇನ್ನೊಂದು ಕಡೆ ಹೋಗ್ತದೆ. ನಾನು ಇಡೀ ಸ್ಟ್ರಿಪ್ಪೇ ತರ್ತೇನೆ, ತಾರೀಕು ಪ್ರಿಂಟ್ ಇರೋ ತುದಿಯ ಮಾತ್ರೆಯನ್ನು ಕೊನೆಗೆ ತೆಗೀತೇನೆ, ಮೇಲೆ ಮಾರ್ಕರಲ್ಲಿ "ಹೊಟ್ಟೆ", "ಘಾಟ್", "ಅತ್ತೆ ತಲೆಸುತ್ತು" ಅಂತ ಕನ್ನಡದಲ್ಲೇ ಬರೆದು ಇಡ್ತೇನೆ, ನಾನಿಲ್ಲದಾಗ ಯಜಮಾನ್ರಿಗೂ ಸಿಗಬೇಕಲ್ಲ.