ಎಸ್ಟೇಟ್, ಮರೀನಾ, ಸುಮೋ: ಮೂರೂ ಓಡಿಸಿ ನೋಡಿದ್ದು

ನಮ್ಮನಿ ಮುಂದ ಎರಡು ಗಾಡಿ ನಿಂತಾವ, ಒಂದು ಅಪ್ಪ 1996ರಾಗ ತಗೊಂಡ ಟಾಟಾ ಎಸ್ಟೇಟ್, ಇನ್ನೊಂದು ನಾ ಸೆಕೆಂಡ್ ಹ್ಯಾಂಡ್ ತಂದ 2006ರ ಟಾಟಾ ಇಂಡಿಗೋ ಮರೀನಾ ಡೀಸೆಲ್, ಅಂದ್ರ ಇಂಡಿಗೋ ಕಾರಿಗೇ ಹಿಂದ ಉದ್ದ ಡಿಕ್ಕಿ ಕೂಡಿಸಿದ್ದು. ಎರಡರದೂ ಆರ್‌ಸಿ 2026ಕ್ಕ ಮುಗೀತದ. ಹಿಂದ 2021ರಾಗ ಮಾಡಿಸಿದಾಗ ರಿನೀವಲ್ ಫೀ 600 ಇತ್ತು, 2022ರ ಏಪ್ರಿಲ್‌ದಿಂದ 5000 ಮಾಡಿದ್ರು, 2025ರಾಗ 20 ವರ್ಷ ದಾಟಿದ ಗಾಡಿಗಿ ಮತ್ತ ಏರಿಸ್ಯಾರ, ಗ್ರೀನ್ ಟ್ಯಾಕ್ಸ್ ಬ್ಯಾರೆ, ಅದೂ ಮತ್ತ ಐದೇ ವರ್ಷಕ್ಕ. ಒಂದು ಮಾರಲೇಬೇಕು ಅಂತ ಮನ್ಯಾಗ ಕಿರಿಕಿರಿ ಶುರು ಆಗ್ಯದ. ಕಾಕಾನ ಹಳೇ ಸುಮೋ ಆಳಂದದಾಗ ಅದ, ಎರಡೂ ಮಾರಿ ಅದನ್ನೇ ತಗೊಂಡು ಹೋಗು ಅಂತ ಕಾಕಾ ಅಂತಾನ, ಹಂಗಾಗಿ ಅದನ್ನೂ ಒಂದು ಸುಗ್ಗಿ ಪೂರಾ ಓಡಿಸಿ ನೋಡಿದೆ.

ಎಸ್ಟೇಟ್ 1992ರಾಗ ಬಂದಿದ್ದು, ಟಾಟಾಮೊಬೈಲ್ ಪಿಕಪ್‌ನ ಚಾಸಿ ಮ್ಯಾಲ ಉದ್ದ ಕಾರಿನ ಬಾಡಿ ಕೂಡಿಸ್ಯಾರ. ಅಂದ್ರ ಮ್ಯಾಲ ಸಾಹುಕಾರ, ಕೆಳಗ ಟೆಂಪೋ. 1948 ಸಿಸಿ ಡೀಸೆಲ್, ನಮ್ಮದಕ್ಕ ಟರ್ಬೋ ಗಿರ್ಬೋ ಏನಿಲ್ಲ, ಮೇ ತಿಂಗಳ 43 ಡಿಗ್ರಿ ಬಿಸಿಲಾಗ ಏಸಿ ಹಚ್ಚಿ ಓವರ್‌ಟೇಕ್ ಮಾಡ್ಬೇಕಂದ್ರ ಮೊದ್ಲು ಏಸಿ ಬಂದ್ ಮಾಡು, ಆಮ್ಯಾಲ ದೇವ್ರಿಗಿ ಕೈ ಮುಗಿ, ಆಮ್ಯಾಲ ಇಂಡಿಕೇಟರ್ ಹಾಕು. ಮರೀನಾದ್ದು 1405 ಸಿಸಿ ಅಷ್ಟೇ, ಆದ್ರ ಟರ್ಬೋ ಅದ, ಗಾಡಿನೂ ಹಗುರ, ಹುಮನಾಬಾದ್ ರೋಡಿಗಿ ಆರಾಮ ಹೋಗ್ತದ. ಹಿಂದಿನ ಗಾಲಿಗಿ ಟೆಂಪೋದಂಗ ಪಾಟಾ (ಲೀಫ್ ಸ್ಪ್ರಿಂಗ್) ಇಲ್ಲ, ಹಿಂಗಾಗಿ ತೆಗ್ಗಿನ್ಯಾಗ ಹಿಂದ ಕೂತವರು ಮಾಡಿಗಿ ತಲಿ ಬಡ್ಸಿಕೊಳ್ಳಂಗಿಲ್ಲ. ಹೈದರಾಬಾದಿಗಿ ಹೋಗಿಬರಲಿಕ್ಕ ಕೇಳಿದ್ರ ನಾ ಕಣ್ಣು ಮುಚ್ಚಿ ಮರೀನಾ ಅಂತೀನಿ. ನಾ ಟ್ಯಾಂಕ್ ಫುಲ್ ಮಾಡಿ ಅಳೆದಿದ್ದು: ಮರೀನಾ ಲೀಟರಿಗಿ 16, ಎಸ್ಟೇಟ್ 12, ಸುಮೋ 11ರ ಆಸುಪಾಸು.

ಸುಮೋದ ಬಗ್ಗಿ ಭಾಳ ಹೇಳಂಗಿಲ್ಲ. 1994ರಾಗ ಬಂದ ಗಾಡಿ, ಟಾಟಾ ಮೋಟರ್ಸ್ ಮುಖ್ಯಸ್ಥರಾಗಿದ್ದ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮ್ಯಾಲ ಇಟ್ಟಿದ್ದು, ಕುಸ್ತಿಯದಲ್ಲ. ಮಂದಿ ಹತ್ತು ಹಿಡೀತಾರ, ಗಾಣಗಾಪುರಕ್ಕ ಹೋಗಬೇಕಂದ್ರ ಅದೇ ಛಲೋ. ಆದ್ರ ನಮ್ಮ ಅವ್ವಗ ಮೊಣಕಾಲು ನೋವು, ಅದನ್ನ ಹತ್ತಿಸಬೇಕಂದ್ರ ಸ್ಟೂಲ್ ಬೇಕು. ಮರೀನಾದಾಗ ಉಲ್ಟಾ, ಕೂಡೋದು ಸಸಾರ, ಏಳಬೇಕಂದ್ರ ಇಬ್ಬರು ಕೈ ಹಿಡೀಬೇಕು. ಎಸ್ಟೇಟ್ ಸೀಟಿನ ಎತ್ತರ ಆಕಿಗಿ ಬರೋಬ್ಬರಿ ಅದ, ಕುರ್ಚಿ ಮ್ಯಾಲ ಕೂತಂಗ ಕೂಡ್ತಾಳ. ಯಾವ ಕಂಪನಿ ಪುಸ್ತಕದಾಗೂ ಈ ಅಳತಿ ಬರ್ದಿರಂಗಿಲ್ಲ.

ಈಗ ಹೊಲದ ಮಾತು. ತೊಗರಿ ರಾಶಿ ಆದಮ್ಯಾಲ ಹಿಂದಿನ ಸೀಟ್ ಮಡಚಿ ಚೀಲ ಹಾಕ್ತೀವಿ. ಮರೀನಾದಾಗ ನಾಕು ಚೀಲ ಹಾಕಿದ್ರ ಹಿಂದ ಕೂತು ಮೂತಿ ಮ್ಯಾಲ ಎತ್ತದ, ಎಳೆಯೋದು ಮುಂದಿನ ಗಾಲಿ, ಅದರ ಮ್ಯಾಲ ಭಾರ ಕಮ್ಮಿ ಆಯ್ತಂದ್ರ ಎರಿ ಮಣ್ಣಾಗ ಬುರ್ರ್ ಅಂತ ತಿರಗ್ತದ, ಮುಂದ ಹೋಗಂಗಿಲ್ಲ. ಎಸ್ಟೇಟ್‌ದು ಹಿಂದಿನ ಗಾಲಿ ಎಳೀತದ, ಚೀಲ ಹಾಕ್ದಷ್ಟೂ ನೆಲ ಗಟ್ಟಿ ಹಿಡೀತದ. ಹಂಗಂತ ಶ್ರಾವಣದಾಗ ಹೊಲಕ್ಕ ಇಳಿಸಬ್ಯಾಡ್ರಿ, ಎರಿ ಮಣ್ಣು ಮಡ್‌ಗಾರ್ಡಿನ್ಯಾಗ ಮೆತ್ತಿಕೊಂಡು ಗಾಲಿನೇ ತಿರಗಂಗಿಲ್ಲ, ಆಗ ಮೂರೂ ಗಾಡಿ ಒಂದೇ, ಟ್ರಾಕ್ಟರ್ ಕರೀಬೇಕು.

ಎರಡು ವರ್ಷದ ಹಿಂದ ಮಹಾಗಾಂವ್ ದಾಟಿ ಎಸ್ಟೇಟ್ ಬಿಸಿಯಾಗಿ ನಿಂತುಬಿಡ್ತು. ತಪ್ಪು ನಂದೇ, ರೇಡಿಯೇಟರ್ ಪೈಪ್ ಒಣಗಿ ಬಿರಿದಿದ್ದು ಕಣ್ಣಿಗಿ ಕಂಡಿತ್ತು, ಮುಂದಿನ ವಾರ ನೋಡಮಿ ಅಂತ ಬಿಟ್ಟಿದ್ದೆ. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋತು. ಮುಪ್ಪಿನ ಗಾಡಿ, ಇನ್ನ ಸಾಮಾನು ಎಲ್ಲಿ ಸಿಗ್ತದ ಅಂತ ಎದಿ ಒಡೀತು, ಆದ್ರ ಮಿಸ್ತ್ರಿ ಬಂದು ಬಾನೆಟ್ ಎತ್ತಿ ನೋಡಿ, ಅಣ್ಣಾ ಎಸ್ಟೇಟ್ ಅಂತ ಅಂಗಡ್ಯಾಗ ಕೇಳಬ್ಯಾಡ್ರಿ, ಹಳೇ ಸುಮೋದ್ದು ಕೊಡು ಅನ್ರಿ ಅಂದ. ಇಂಜಿನ್ ಅದೇ ನೋಡ್ರಿ. ನಾ ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ಕೋತ ಗಿಡದ ಕೆಳಗ ಕೂತಿದ್ದೆ, ಮರುದಿನ ಸಂಜಿಗಿ ಗಾಡಿ ಮನಿಗಿ ಬಂತು. ಮರೀನಾಕ್ಕೂ ಈ ಸವಲತ್ತು ಅದ, ಇಂಡಿಕಾ ಟ್ಯಾಕ್ಸಿ ಓಡಿಸಿದ ಊರಾಗೆಲ್ಲಾ ಅದರ ಇಂಜಿನ್ ಗೊತ್ತಿದ್ದ ಮಿಸ್ತ್ರಿ ಇದ್ದಾನ, ಆದ್ರ ಟರ್ಬೋ ಕೆಲಸ ಅಂದ್ರ ಊರು ಬಿಟ್ಟು ಹೊರಗ ಕಳಿಸ್ರಿ ಅಂತಾನ.

ಸಿಗದಿದ್ದು ಇಂಜಿನ್ ಸಾಮಾನಲ್ಲ, ಹಿಂದಿನ ಭಾಗ. ಡಿಕ್ಕಿ ಗ್ಲಾಸ್, ಟೇಲ್ ಲೈಟ್, ಬಾಗಲಾ ಸುತ್ತಲಿನ ರಬ್ಬರ್ ಬೀಡಿಂಗ್. ಮರೀನಾದ್ದೂ ಅದೇ ಹಣೆಬರ, ಮುಂದ ಇಂಡಿಗೋ, ಹಿಂದ ಅನಾಥ. ಸುಮೋ ಒಂದಕ್ಕೇ ಮೂತಿಯಿಂದ ಬಾಲದ ತನಕ ಎಲ್ಲಾ ಸಿಗ್ತದ, ಅದೊಂದು ಮಾತು ಕಾಕಾಂದು ಖರೆ.

ನಾ ಎಸ್ಟೇಟ್ ಇಟ್ಕೋತೀನಿ, ಮರೀನಾ ಮಾರ್ತೀನಿ. ಭಂಗಾರದವ (ಗುಜರಿಯವ) ಬಂದು ಎರಡೂ ಕೂಡಿಸಿ ರೇಟ್ ಹೇಳಿದ್ದ, ಅಪ್ಪ ಒಂದು ‘ಹ’ ಕಿತ್ತು ನಂದು ಬಂಗಾರ ಅದ ಹೋಗೋ ಅಂತ ಕಳಿಸಿದ. ಅದೇ ಭಂಗಾರದವನ ಹತ್ರ ಆಮ್ಯಾಲ ನಾನೇ ಹೋಗಿ, ಅಲ್ಲಿ ಬಿದ್ದಿದ್ದ ಇನ್ನೊಂದು ಎಸ್ಟೇಟಿನ ಡಿಕ್ಕಿ ಗ್ಲಾಸ್ ಮತ್ತ ಎರಡು ಟೇಲ್ ಲೈಟ್ ಬಿಚ್ಚಿಸಿಕೊಂಡು ಬಂದೆ. ಕೌದಿಯಾಗ ಸುತ್ತಿ ಮಂಚದ ಕೆಳಗ ಇಟ್ಟೀನಿ, ಕಸ ಹೊಡಿವಾಗೊಮ್ಮೆ ಅಡ್ಡ ಬರ್ತದ ಅಂತ ಅವ್ವ ಬೈತಾಳ.